ಕ್ರಾಸಿಂಗ್ ಹೊತ್ತಿನ ಚಿತ್ರಗಳು: ಈವರೆಗೆ ಆಗಿದ್ದು, ಇನ್ನು ಆಗಬೇಕಿದ್ದು

ಚಿತ್ರ ಬಿಡಿಸುವ ಹೊಸ ಪುಸ್ತಕ ಶುರುವಾಗಿದೆ. ಅಂಗಿ ಜೇಬಿಗೆ ಹಿಡಿಸುವಂಥ ಸಣ್ಣ ಪುಸ್ತಕ, ಗೆರೆ ಇಲ್ಲದ್ದು. ನಿಯಮ ಹಳೆಯದೇ: ಮನೆಯಲ್ಲಿ ಕೂತು ಬಿಡಿಸುವಂತಿಲ್ಲ. ಎಲ್ಲಾದರೂ ಕಾಯುತ್ತಿರುವಾಗ ಮಾತ್ರ.

ಕುಮಟಾ–ಕಾರವಾರ ಓಡಾಡುವವರಿಗೆ ಕಾಯುವುದನ್ನು ಯಾರೂ ಹೇಳಿಕೊಡಬೇಕಿಲ್ಲ. ಕೊಂಕಣ ರೈಲು ಮಾರ್ಗ 1998ರಲ್ಲಿ ಪೂರ್ತಿಯಾಯಿತು, 2022ರ ಹೊತ್ತಿಗೆ ಕರೆಂಟೂ ಬಂತು. ಆದರೆ ನಮ್ಮ ಕಡೆ ಹಳಿ ಈಗಲೂ ಒಂದೇ. ಎದುರಿನಿಂದ ಎಕ್ಸ್‌ಪ್ರೆಸ್ ಬರುವುದಿದ್ದರೆ ನಮ್ಮ ಲೋಕಲ್ ಗಾಡಿ ಅಂಕೋಲಾದಲ್ಲೋ ಗೋಕರ್ಣ ರೋಡಿನಲ್ಲೋ ಪಕ್ಕದ ಹಳಿಗೆ ಸರಿದು ನಿಲ್ಲುತ್ತದೆ. ಕ್ರಾಸಿಂಗ್ ಅನ್ನುವುದು ಇದಕ್ಕೇ. ಎಷ್ಟು ಹೊತ್ತು ಅಂತ ಯಾರಿಗೂ ಗೊತ್ತಿರುವುದಿಲ್ಲ. ಐದು ನಿಮಿಷ ಇರಬಹುದು, ಅರ್ಧ ಗಂಟೆಯೂ ಇರಬಹುದು.

ತೊಂದರೆ ಇರುವುದು ಇಲ್ಲೇ. ಖಾಲಿ ಹೊತ್ತಿನಲ್ಲಿ ಏನಾದರೂ ಕಲಿಯಿರಿ ಅನ್ನುವವರು ಆ ಹೊತ್ತು ಯಾವಾಗ ಮುಗಿಯುತ್ತದೆ ಅಂತ ಹೇಳುವುದಿಲ್ಲ. ಪುಸ್ತಕ ಓದಿದರೆ ವಾಕ್ಯದ ನಡುವೆ ಗಾಡಿ ಹೊರಡುತ್ತದೆ, ಸಂಜೆ ಮತ್ತೆ ಅದೇ ಪುಟ. ಫೋನಿನಲ್ಲಿ ಪಾಠ ಕೇಳಿದರೆ ಸುರಂಗ ಬಂದ ಕೂಡಲೇ ನೆಟ್‌ವರ್ಕ್ ಮಾಯ. ಶಿರಸಿ ರಸ್ತೆಯ ದೇವಿಮನೆ ಘಾಟಿನಲ್ಲಂತೂ ಓದುವ ಮಾತೇ ಬೇಡ, ಹೊಟ್ಟೆ ತೊಳಸುತ್ತದೆ. ಚಿತ್ರಕ್ಕೆ ಈ ಕಾಟವಿಲ್ಲ. ಎಳೆದ ಗೆರೆ ಎಳೆದಲ್ಲೇ ಇರುತ್ತದೆ.

ಹಾಗಾಗಿ ಬಿಡಿಸುವ ಕ್ರಮವನ್ನೂ ಅದಕ್ಕೆ ತಕ್ಕಂತೆ ಹೊಂದಿಸಿಕೊಂಡಿದ್ದೇನೆ. ಮೊದಲ ನಿಮಿಷದಲ್ಲಿ ಬೆನ್ನಿನ ಬಾಗು, ತಲೆಯ ವಾಲು, ಅಷ್ಟೇ. ಆಮೇಲೂ ಗಾಡಿ ನಿಂತೇ ಇದ್ದರೆ ಚೀಲ, ಕೊಡೆ, ಸೀರೆಯ ನೆರಿಗೆ. ಕಣ್ಣು–ಮೂಗು ಕಡೆಗೆ. ಎಲ್ಲಿ ನಿಂತರೂ ಅದೊಂದು ಚಿತ್ರ ಅನ್ನಿಸಬೇಕು. ಮುಖದಿಂದ ಶುರು ಮಾಡಿದರೆ ಬರೀ ಮೂಗು ಉಳಿಯುತ್ತದೆ. ಇನ್ನೊಂದು ಅಭ್ಯಾಸ, ಕಾಗದ ನೋಡದೆ ಬರಿ ವಸ್ತುವಿನ ಅಂಚನ್ನೇ ಕಣ್ಣಲ್ಲಿ ಹಿಂಬಾಲಿಸಿ ಗೆರೆ ಎಳೆಯುವುದು. ಚಿತ್ರ ವಿಕಾರವಾಗಿಯೇ ಬರುತ್ತದೆ. ಆದರೆ ಕೈಗಿಂತ ಮೊದಲು ಕಣ್ಣು ಪಳಗುತ್ತದೆ.

ರೋ-ರೋ ಗಾಡಿ ಹಾದುಹೋದರೆ ನನಗೆ ಹಬ್ಬ. ಲಾರಿಗಳನ್ನೇ ಹೊತ್ತು ಸಾಗುವ ಗೂಡ್ಸ್ ಅದು, 1999ರಿಂದ ಓಡುತ್ತಿದೆ. ಒಂದು ಲಾರಿಯನ್ನು ಪೂರ್ತಿ ನೋಡುವಷ್ಟರಲ್ಲಿ ಅದು ಹೋಗಿ ಮುಂದಿನದು ಬಂದಿರುತ್ತದೆ. ಒಂದರ ಮೂತಿ, ಇನ್ನೊಂದರ ತಾಡಪತ್ರಿ, ಮತ್ತೊಂದರ ಗಾಲಿ ಸೇರಿಸಿ ಒಂದು ಲಾರಿ ಮಾಡಿಕೊಳ್ಳುತ್ತೇನೆ.

ಮಳೆಗಾಲದಲ್ಲಿ ಸಾಮಾನಿನದೇ ದೊಡ್ಡ ಪಾಠವಾಯಿತು. ಜುಲೈ ತಿಂಗಳಲ್ಲಿ ಕರಾವಳಿಯ ಗಾಳಿಗೇ ಕಾಗದ ಮೆತ್ತಗಾಗುತ್ತದೆ. ಇಂಕ್ ಪೆನ್ನಿನ ಗೆರೆ ಹರಡುತ್ತದೆ. ಮೆತ್ತನೆಯ ಪೆನ್ಸಿಲ್ ಒತ್ತಿದರೆ ಕಾಗದ ಏಳುತ್ತದೆ. ಕೊನೆಗೆ ಗೆದ್ದಿದ್ದು ಸಾಧಾರಣ ಬಾಲ್ ಪೆನ್. ಅದರ ಇಂಕು ಎಣ್ಣೆಯದ್ದು, ನೀರು ತಾಗಿದರೂ ಕದಲುವುದಿಲ್ಲ. ಅಳಿಸಲೂ ಆಗುವುದಿಲ್ಲ, ಅದೂ ಒಳ್ಳೆಯದೇ. ದುಬಾರಿ ಪೆನ್ನುಗಳ ಬಗ್ಗೆ ಗಂಟೆಗಟ್ಟಲೆ ಮಾತಾಡುವವರು ಒಂದು ಆಷಾಢ ಇಲ್ಲಿ ಬಂದಿರಲಿ!

ಈಚೆಗೆ ಜಾಸ್ತಿ ಪುಟ ತುಂಬಿದ್ದು ತದಡಿಯಲ್ಲಿ. ನದಿಯಾಚೆಯ ಅಘನಾಶಿನಿ ಊರಿಗೆ ದಾಟಲು ಬಾರ್ಜ್ ಕಾಯುವ ಜಾಗ. ಈ ಅಳಿವೆಗೆ 2024ರಲ್ಲಿ ರಾಮ್ಸಾರ್ ಪಟ್ಟಿಯಲ್ಲಿ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಯಲ್ಲಿ, ಜಾಗ ಸಿಕ್ಕಿತು. ಇಳಿತದ ಹೊತ್ತಿಗೆ ಹೋದರೆ ಕೆಸರಿನಲ್ಲಿ ಬಳಚು (ತಿನ್ನುವ ಚಿಪ್ಪು) ಹೆಕ್ಕುವವರು ಸೊಂಟ ಬಾಗಿಸಿ ನಿಂತಿರುತ್ತಾರೆ. ಬಿಡಿಸಲು ಅದಕ್ಕಿಂತ ಒಳ್ಳೆಯ ಬೆನ್ನು ಸಿಗಲಿಕ್ಕಿಲ್ಲ. ಆದರೆ ಮರುದಿನ ಅದೇ ಹೊತ್ತಿಗೆ ಹೋದರೆ ಅದೇ ನೋಟ ಇರುವುದಿಲ್ಲ. ಭರತ–ಇಳಿತ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ವಾರ ಬಿಟ್ಟು ಹೋದರೆ ಕೆಸರಿದ್ದಲ್ಲಿ ನೀರು. ಅರ್ಧ ಆದ ಚಿತ್ರ ಮುಂದುವರಿಸಬೇಕೆಂದರೆ ಹದಿನೈದು ದಿನ ಬಿಡಬೇಕು. ಆಗ ಅದೇ ಹೊತ್ತಿಗೆ ನೀರು ಹೆಚ್ಚುಕಮ್ಮಿ ಅಲ್ಲೇ ಇರುತ್ತದೆ. ಅಮಾವಾಸ್ಯೆಯ ಲೆಕ್ಕವೇ ಹುಣ್ಣಿಮೆಗೂ ಅಂತ ಮೀನು ಹಿಡಿಯುವವರಿಗೆ ಮೊದಲಿಂದಲೂ ಗೊತ್ತು. ಈಗ ನನ್ನ ಪುಟಗಳ ಮೂಲೆಯಲ್ಲಿ ತಾರೀಕಿನ ಜೊತೆ ತಿಥಿಯೂ ಇರುತ್ತದೆ. ಚಿತ್ರ ಕಲಿಯಲು ಹೊರಟವನು ಪಂಚಾಂಗ ನೋಡುವಂತಾಯಿತು.

ಜನರನ್ನು ಹಿಂದಿನಿಂದಲೇ ಬಿಡಿಸುತ್ತೇನೆ, ಮುಜುಗರ ಆಗಬಾರದಲ್ಲ. ಆದರೂ ಸಿಕ್ಕಿಬೀಳುವುದು ತಪ್ಪಿದ್ದಲ್ಲ. ಮೊನ್ನೆ ಮೀನು ಬುಟ್ಟಿ ಇಟ್ಟುಕೊಂಡು ಕೂತಿದ್ದ ಅಮ್ಮ ತಿರುಗಿ ನೋಡಿ ಪುಸ್ತಕ ಇಸಿದುಕೊಂಡರು. ಬುಟ್ಟಿ ಅಡ್ಡಿಯಿಲ್ಲ ಅಂದರು. ಆಮೇಲೆ, “ತಮ್ಮಾ, ನನ್ನ ಕೈ ಎಲ್ಲಿ ಹೋಯ್ತು?”

“ನೀವು ಕೈ ನಿಲ್ಸೂದೇ ಇಲ್ವಲ್ಲ ಅಮ್ಮಾ.”

“ನಿಲ್ಸಿದ್ರೆ ನೊಣ ಕೂರ್ತದೆ!”

ಅವರು ಹೇಳಿದ್ದು ಸರಿ. ಪುಸ್ತಕ ತಿರುವಿ ನೋಡಿದರೆ ಬೆನ್ನು ಸುಧಾರಿಸಿದೆ, ಕೂತ ಭಂಗಿಯೂ ಸುಧಾರಿಸಿದೆ. ಕೈ ಮಾತ್ರ ಚೀಲದ ಹಿಂದೆ, ಸೆರಗಿನ ಒಳಗೆ, ಜೇಬಿನಲ್ಲಿ. ಮುಂದಿನ ಕೆಲಸ ಅದೇ. ಯಕ್ಷಗಾನದ ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಜಾಗದಲ್ಲಿ, ವೇಷಧಾರಿಗಳು ಕನ್ನಡಿ ಹಿಡಿದು ತಮ್ಮ ಬಣ್ಣ ತಾವೇ ಬಳಿದುಕೊಳ್ಳುತ್ತಾರೆ. ತುಂಬಾ ಹೊತ್ತು ಕೈ ಮುಖದ ಹತ್ತಿರವೇ ಇರುತ್ತದೆ, ನಿಧಾನವಾಗಿ ಆಡುತ್ತದೆ. ಮೇಳದವರನ್ನು ಕೇಳಿ ಒಂದು ಮೂಲೆಯಲ್ಲಿ ಕೂರಬೇಕು ಅಂತಿದ್ದೇನೆ. ನಿಯಮ ಮುರಿದ ಹಾಗೇನೂ ಆಗುವುದಿಲ್ಲ. ಆಟ ಶುರುವಾಗುವವರೆಗೆ ಕಾಯುವುದೂ ಕಾಯುವುದೇ ಅಲ್ವಾ?