ಅಕ್ಕಿಗೆ ಡ್ರಮ್ಮು, ಸ್ಲೀಪಿಂಗ್ ಬ್ಯಾಗಿಗೆ ಗೋಣಿಚೀಲ

ಬೆಂಗಳೂರಲ್ಲಿ ಕೂತು ಹಿಮಾಲಯದ ಟ್ರೆಕ್ ಮಾರುವವರಿಗೆಲ್ಲ ಒಂದು ಲೆಕ್ಕ ಬಾಯಿಪಾಠ. ಐದು ದಿನ ರಜೆ, ಆ ಕಡೆ ಈ ಕಡೆ ಒಂದೊಂದು ವೀಕೆಂಡು, ಒಟ್ಟು ಒಂಬತ್ತು ದಿನ. ಐಟಿಯವರಿಗೆ ಇದಕ್ಕಿಂತ ಜಾಸ್ತಿ ರಜೆ ಹುಟ್ಟುವುದಿಲ್ಲ. ಹತ್ತನೇ ದಿನ ಅಂದ ಕೂಡಲೇ ಫೋನ್ ಇಡುತ್ತಾರೆ. ನಮ್ಮ ಸೇಲ್ಸ್ ಹುಡುಗರು ಇದನ್ನು ವೇದವಾಕ್ಯ ಅಂತ ನಂಬಿದ್ದಾರೆ.

ಕಾಂಗ್ ಯಾತ್ಸೆ-2 ಅನ್ನುವ ಶಿಖರಕ್ಕೆ ನಾನು ಹಾಕಿದ್ದ ಪ್ಲಾನ್ ಹನ್ನೊಂದು ದಿನದ್ದು. ಲಡಾಖಿನ ಮರ್ಖಾ ಕಣಿವೆಯಲ್ಲಿ ನಡೆದು ಹೋಗಿ, ಸುಮಾರು 6,250 ಮೀಟರ್ ಎತ್ತರದ ಶಿಖರ ಹತ್ತಿ, ಕೊಂಗ್ಮಾರು ಲಾ ಅನ್ನುವ ಪಾಸ್ ದಾಟಿ ಆ ಕಡೆ ಇಳಿಯುವುದು. ಸ್ಟೋಕ್ ಕಾಂಗ್ರಿ ಶಿಖರವನ್ನು 2020ರಲ್ಲಿ ಮುಚ್ಚಿದ ಮೇಲೆ ಆರು ಸಾವಿರ ಮೀಟರ್ ಆಸೆ ಇರುವವರೆಲ್ಲ ಇಲ್ಲಿಗೇ ಬರುತ್ತಿದ್ದಾರೆ. ಗಿರಾಕಿ ಇದೆ, ಹಾಗಾಗಿ ನಮ್ಮ ಎಂಡಿಗೂ ಅವಸರ.

ಹನ್ನೊಂದನ್ನು ಒಂಬತ್ತಕ್ಕೆ ಇಳಿಸಬೇಕು ಅಂತ ಮೀಟಿಂಗ್. ಮೊದಲು ಕೈ ಹಾಕಿದ್ದು ಲೇಹ್‌ನ ರೆಸ್ಟ್ ದಿನಗಳಿಗೆ. ಅದನ್ನು ನಾನು ಬಿಡಲಿಲ್ಲ. ಲೇಹ್ ಇರುವುದೇ 3,500 ಮೀಟರಿನಲ್ಲಿ. ಬೆಂಗಳೂರಿಂದ ವಿಮಾನದಲ್ಲಿ ಬಂದು ಇಳಿದವರನ್ನು ಮಾರನೇ ದಿನವೇ ಮೇಲಕ್ಕೆ ಓಡಿಸಿದರೆ ತಲೆನೋವು, ವಾಂತಿಯಲ್ಲಿ ಮುಗಿದರೆ ಪುಣ್ಯ. ಸರಿ, ಹಾಗಾದರೆ ಏನಾದರೂ ತಡವಾದರೆ ಇರಲಿ ಅಂತ ಇಟ್ಟ ರಿಸರ್ವ್ ಡೇ ಯಾಕೆ ಬೇಕು, ಆ ದಿನ ಏನೂ ಮಾಡಲ್ವಲ್ಲ, ಅಂದರು. ಆ ದಿನ ಏನೂ ಮಾಡದೇ ಇದ್ದರೆ ಟ್ರಿಪ್ ಚೆನ್ನಾಗಿ ಆಯಿತು ಅಂತ ಅರ್ಥ ಸ್ವಾಮಿ, ಅಂದೆ. ಯಾರಿಗೂ ನಗು ಬರಲಿಲ್ಲ. ರಿಸರ್ವ್ ಡೇ ಹೋಯಿತು.

ಇನ್ನೊಂದು ದಿನ ಕಿತ್ತುಕೊಟ್ಟವಳು ನಾನೇ. ಸ್ಕ್ಯೂ ಅನ್ನುವ ಊರಲ್ಲಿ ಒಂದು ರಾತ್ರಿ ಇಟ್ಟಿದ್ದೆ. ಆಗ ಜೀಪ್ ಸ್ಕ್ಯೂವರೆಗೂ ಹೋಗುತ್ತಿತ್ತು. ಅಲ್ಲಿಂದ ಮರ್ಖಾ ಊರಿಗೆ ಇಪ್ಪತ್ತು ಕಿಲೋಮೀಟರ್ ಆಸುಪಾಸು, ಏರು ಕಮ್ಮಿ. ಒಂದೇ ದಿನಕ್ಕೆ ಮುಗಿಸಬಹುದು ಅಂತ ಎರಡು ಸ್ಟೇಜನ್ನು ಸೇರಿಸಿಬಿಟ್ಟೆ. ನನ್ನ ಎಕ್ಸೆಲ್ ಶೀಟಿನಲ್ಲಿ ಎತ್ತರ ಇತ್ತು, ಕಿಲೋಮೀಟರ್ ಇತ್ತು, ಊಟದ ಮೆನು ಕೂಡ ಇತ್ತು. ಊರಿಗೆ ಮೊದಲು ದಾಟಬೇಕಾದ ನದಿಯ ಹತ್ತಿರ ಎಷ್ಟು ಗಂಟೆಗೆ ಇರುತ್ತೇವೆ ಅನ್ನುವ ಕಾಲಂ ಮಾತ್ರ ಇರಲಿಲ್ಲ.

ಮರ್ಖಾ ನದಿಗೆ ನೀರು ಬರುವುದು ಮೇಲಿನ ಹಿಮ ಕರಗಿ. ಬಿಸಿಲೇರಿದಂತೆ ಹಿಮ ಕರಗುತ್ತೆ, ಆ ನೀರು ಕೆಳಗಿನ ಊರು ಮುಟ್ಟುವುದು ಮಧ್ಯಾಹ್ನದ ಮೇಲೆ. ಜುಲೈ, ಆಗಸ್ಟಿನಲ್ಲಿ ಬೆಳಿಗ್ಗೆ ಮೊಣಕಾಲವರೆಗೆ ಇದ್ದ ಜಾಗದಲ್ಲೇ ಸಂಜೆ ನಿಲ್ಲಲಾಗದಷ್ಟು ನೀರು. ಮೋಡ ಕವಿದ ದಿನ ನೀರು ಕಮ್ಮಿ, ಬಿಸಿಲಿನ ದಿನ ಜಾಸ್ತಿ. ಇದೆಲ್ಲ ನನಗೆ ಗೊತ್ತಿಲ್ಲದ್ದೇನಲ್ಲ. ಆದರೂ ಮರ್ಖಾಕ್ಕೆ ಹೊರಟ ದಿನ ಬೆಳಿಗ್ಗೆ ಆಫೀಸ್ ಗ್ರೂಪಿಗೆ ನಾನು ಕಳಿಸಿದ್ದು, ‘ವೆದರ್ ಸೂಪರ್, ಒಂದು ತುಂಡು ಮೋಡ ಇಲ್ಲ’ ಅಂತ.

ಲೋಡಿನ ಗಾಡಿ ಲೇಹ್‌ನಲ್ಲೇ ತಡವಾಯಿತು. ಗ್ಯಾಸ್ ಕ್ಯಾನಿಸ್ಟರನ್ನು ವಿಮಾನದಲ್ಲಿ ತರುವ ಹಾಗಿಲ್ಲ, ಅಲ್ಲೇ ಕೊಳ್ಳಬೇಕು. ಅಂಗಡಿ ತೆರೆಯುವುದನ್ನು ಕಾಯಬೇಕಾಯಿತು. ಕ್ಲೈಂಟ್‌ಗಳನ್ನು ಲೀಡ್ ಗೈಡ್ ಜೊತೆ ಡೇ ಪ್ಯಾಕ್ ಕೊಟ್ಟು ಮುಂದೆ ಕಳಿಸಿದೆ. ಅವರು ಹೊತ್ತಿಗೆ ಸರಿಯಾಗಿ ನದಿ ದಾಟಿದರು, ತೊಡೆವರೆಗೆ ನೀರು, ಕೈ ಕೈ ಹಿಡಿದುಕೊಂಡು, ರೀಲ್ಸ್ ಮಾಡಿಕೊಂಡು. ಕುದುರೆಗಳ ಜೊತೆ ನಾನು ಅಲ್ಲಿಗೆ ಬಂದಾಗ ನಾಲ್ಕು ದಾಟಿತ್ತು.

ನೀರಿನ ಬಣ್ಣವೇ ಬೇರೆ ಆಗಿತ್ತು. ಸಿಮೆಂಟ್ ಕಲಸಿದ ನೀರಿನ ಬಣ್ಣ. ಕುದುರೆಯವನು, ನಾವೆಲ್ಲ ಅಚೋ ಅಂತ ಕರೆಯುತ್ತಿದ್ದ ಹಿರಿಯ, ದಡದಲ್ಲಿ ಕುಕ್ಕರುಗಾಲಲ್ಲಿ ಕೂತ. ನೀರಿನ ಅಂಚಿನಲ್ಲಿ ಒಂದು ಬಿಳಿ ಕಲ್ಲಿಟ್ಟ. ಬೀಡಿ ಹಚ್ಚಿದ. ಬೀಡಿ ಮುಗಿಯುವುದರೊಳಗೆ ಕಲ್ಲು ಮುಳುಗಿತು.

‘ಇವತ್ತು ಆಗಲ್ಲ ಮೇಡಂ. ಬೆಳಿಗ್ಗೆ ಆರಕ್ಕೆ ದಾಟೋಣ.’

ಆಚೆ ದಡದ ಊರಲ್ಲಿ ಹನ್ನೆರಡು ಜನ. ಅವರ ಟೆಂಟು, ಸ್ಲೀಪಿಂಗ್ ಬ್ಯಾಗು, ಬೆಚ್ಚಗಿನ ಬಟ್ಟೆ ಎಲ್ಲ ಈ ದಡದಲ್ಲಿ. ವಾಕಿಟಾಕಿಯಲ್ಲಿ ಲೀಡ್ ಗೈಡ್, ‘ಅಕ್ಕ, ಲೋಡ್ ಎಲ್ಲಿ? ಎಲ್ಲರೂ ಕೇಳ್ತಿದಾರೆ’ ಅಂತ ಐದು ನಿಮಿಷಕ್ಕೊಮ್ಮೆ. ಆಫೀಸಿಗೆ ಫೋನ್ ಮಾಡೋಣ ಅಂದರೆ ಸಿಗ್ನಲ್ ಇಲ್ಲ. ಥುರಾಯಾ, ಇರಿಡಿಯಂ ಥರದ ಸ್ಯಾಟಲೈಟ್ ಫೋನನ್ನು ನಮ್ಮ ದೇಶದಲ್ಲಿ ಪರವಾನಗಿ ಇಲ್ಲದೆ ಇಟ್ಟುಕೊಳ್ಳುವ ಹಾಗಿಲ್ಲ. ನಿಜ ಹೇಳಬೇಕೆಂದರೆ ಫೋನ್ ಸಿಗದಿದ್ದದ್ದೇ ಒಳ್ಳೆಯದಾಯಿತು. ಎಂಡಿ ‘ಹೇಗಾದ್ರೂ ಮಾಡಿ’ ಅನ್ನುತ್ತಿದ್ದರು ಅಷ್ಟೇ.

ಆ ‘ಹೇಗಾದ್ರೂ ಮಾಡಿ’ಯನ್ನು ನಾನೇ ಅಂದೆ. ಒಂದೇ ಒಂದು ಕುದುರೆ ಇಳಿಸಿ ನೋಡೋಣ ಅಚೋ, ಸ್ಲೀಪಿಂಗ್ ಬ್ಯಾಗಿನ ಕುದುರೆ ಮಾತ್ರ, ಅಂದೆ. ಅವನು ನನ್ನ ಮುಖ ನೋಡಿದ. ‘ಕಲ್ಲು ಉರುಳೋದು ಕೇಳಿಸ್ತಿಲ್ವಾ?’ ಅಂದ. ಕೇಳಿಸುತ್ತಿತ್ತು. ನೀರಿನ ಅಡಿಯಿಂದ ಗುಡುಗುಡು ಅಂತ. ಆದರೂ ಇನ್ನೊಂದು ಸಲ ಕೇಳಿದೆ. ದುಡ್ಡು ಕೊಡುವ ಕಡೆಯವರು ಎರಡು ಸಲ ಕೇಳಿದರೆ ಅದು ಕೇಳಿದ್ದಲ್ಲ, ಹೇಳಿದ್ದು. ಅದು ಅವನಿಗೂ ಗೊತ್ತು, ನನಗೂ ಗೊತ್ತು.

ಸ್ಲೀಪಿಂಗ್ ಬ್ಯಾಗು ಹೊತ್ತ ಮುಂದಾಳು ಕುದುರೆ ಇಳಿಯಿತು. ಹೊಟ್ಟೆಗೆ ನೀರು ತಾಗುವವರೆಗೂ ಸರಿ ಹೋಯಿತು. ನಡುವಿಗೆ ಬಂದಾಗ ಹಿಂಗಾಲು ಜಾರಿ ಅಡ್ಡ ತಿರುಗಿತು. ಒಂದು ಕಡೆಯ ಹೊರೆ ಪೂರಾ ನೀರೊಳಗೆ. ಅಚೋ ಹಗ್ಗ ಹಿಡಿದು ಸೊಂಟದವರೆಗೆ ಇಳಿದಿದ್ದ, ಅವನ ಮಗ ದಡದಿಂದ ಸಿಳ್ಳೆ ಹೊಡೆಯುತ್ತಿದ್ದ. ನಾನು ಏನು ಮಾಡುತ್ತಿದ್ದೆ? ವಾಕಿಟಾಕಿ ಹಿಡಿದು ಸುಮ್ನೆ ನಿಂತಿದ್ದೆ. ಕುದುರೆ ಹೇಗೋ ಕಾಲೂರಿ, ಹೊರಟ ದಡಕ್ಕೇ ವಾಪಸ್ ಬಂತು. ಮೈಯೆಲ್ಲ ನಡುಗುತ್ತಿತ್ತು. ಅಚೋ ನನ್ನ ಜೊತೆ ಮಾತಾಡಲಿಲ್ಲ. ಕುದುರೆಯ ನಾಲ್ಕೂ ಕಾಲನ್ನು ಒಂದೊಂದಾಗಿ ಎತ್ತಿ ತಡವಿ ನೋಡಿದ. ಪೆಟ್ಟಾಗಿರಲಿಲ್ಲ. ಆಮೇಲೆ ತನ್ನ ಪ್ಯಾಂಟು ಹಿಂಡಿಕೊಂಡ.

ನೀರು ಕುಡಿದಿದ್ದು ಸ್ಲೀಪಿಂಗ್ ಬ್ಯಾಗುಗಳು. ನಮ್ಮಲ್ಲಿ ಅಕ್ಕಿ, ಬೇಳೆ, ಮ್ಯಾಗಿ ಎಲ್ಲ ನೀಲಿ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ, ಮುಚ್ಚಳ ಬಿಗಿದು ಭದ್ರ. ಒಂದೊಂದಕ್ಕೆ ಸಾವಿರಾರು ರೂಪಾಯಿ ಕೊಟ್ಟು ತಂದ, ಗರಿ ತುಂಬಿದ ಡೌನ್ ಬ್ಯಾಗುಗಳು ಮಾತ್ರ ಪ್ಲಾಸ್ಟಿಕ್ ಗೋಣಿಚೀಲದಲ್ಲಿ. ಯಾಕೆ ಅಂತ ಕೇಳಿದರೆ ಮೊದಲಿಂದ ಹಾಗೇ. ಸ್ಟೋರ್ ನೋಡಿಕೊಳ್ಳುವವರಿಗೆ ಡ್ರಮ್ ಅಂದರೆ ಕಿಚನ್ ಸಾಮಾನು ಅಂತ ತಲೆಯಲ್ಲಿ ಕೂತುಬಿಟ್ಟಿದೆ.

ಆಚೆ ದಡದಲ್ಲಿ ಹನ್ನೆರಡು ಜನರನ್ನು ಉಳಿಸಿದ್ದು ಮರ್ಖಾದ ಹೋಮ್‌ಸ್ಟೇಗಳು. ಅಲ್ಲಿನ ಅಮಾಲೇಗಳು, ಅಂದರೆ ಮನೆಯ ತಾಯಂದಿರು, ಇದ್ದಬದ್ದ ಹಾಸಿಗೆ, ಕಂಬಳಿ ಎಲ್ಲ ತೆಗೆದು ಹಾಸಿದರಂತೆ. ತುಕ್ಪಾ, ಖಂಬೀರ್ ರೊಟ್ಟಿ, ಬೆಣ್ಣೆ ಚಹಾ. ಆಮೇಲೆ ಬಂದ ಫೀಡ್‌ಬ್ಯಾಕ್ ಫಾರಂನಲ್ಲಿ ಇಡೀ ಟ್ರಿಪ್ಪಿಗೆ ಐದು ಸ್ಟಾರ್ ಬಿದ್ದಿದ್ದು ಆ ರಾತ್ರಿಗೆ ಮಾತ್ರ! ನಾವು ಹೊತ್ತು ತಂದಿದ್ದ ಡೈನಿಂಗ್ ಟೆಂಟಿಗೆ ಎರಡೂವರೆ.

ಮಾರನೇ ದಿನ ಬೆಳಿಗ್ಗೆ ಆರಕ್ಕೆ ನದಿ ದಾಟಿದ್ದು ಯಾವ ಗಲಾಟೆಯೂ ಇಲ್ಲದೆ. ಅಷ್ಟು ತಿಳಿಯಾಗಿತ್ತು ನೀರು, ನನಗೇ ಸಿಟ್ಟು ಬಂತು. ಆದರೆ ಒದ್ದೆ ಡೌನ್ ಬ್ಯಾಗನ್ನು 5,000 ಮೀಟರಿಗೆ ಹೊತ್ತು ಹೋಗಿ ಏನು ಮಾಡುವುದು? ಗರಿಯೆಲ್ಲ ಮುದ್ದೆ ಕಟ್ಟಿ ಕೂತಿದ್ದರೆ ಅದಕ್ಕೂ ಬೆಡ್‌ಶೀಟಿಗೂ ವ್ಯತ್ಯಾಸವಿಲ್ಲ. ಇಡೀ ದಿನ ಮರ್ಖಾದ ಮಾಳಿಗೆಗಳ ಮೇಲೆ ಹರಡಿ, ತಿರುವಿಹಾಕಿ, ಮುದ್ದೆಗಳನ್ನು ಬೆರಳಲ್ಲಿ ಬಿಡಿಸುತ್ತಾ ಒಣಗಿಸಿದೆವು. ರಿಸರ್ವ್ ಡೇ ಇದ್ದಿದ್ದರೆ ಅದಕ್ಕೇ ಸರಿಹೋಗುತ್ತಿತ್ತು. ಇರಲಿಲ್ಲವಲ್ಲ, ಹಾಗಾಗಿ ಬೇಸ್ ಕ್ಯಾಂಪಿನ ಟ್ರೈನಿಂಗ್ ದಿನವನ್ನು ತಿಂದಿತು.

ಬೇಸ್ ಕ್ಯಾಂಪ್ ಮುಟ್ಟಿದ ಸಂಜೆ ಶುರುವಾಯಿತು ವಾದ. ಇವತ್ತೇ ನಡುರಾತ್ರಿ ಸಮಿಟ್ ಪುಶ್ ಮಾಡೋಣ, ನಾವು ರೆಡಿ, ಅಂದರು ಕೆಲವರು. ಬೂಟಿಗೆ ಕಟ್ಟುವ ಮುಳ್ಳಿನ ಕ್ರ್ಯಾಂಪಾನ್ ಹಾಕಿ ನಡೆದು ಗೊತ್ತಿಲ್ಲ, ಹಗ್ಗ ಹತ್ತುವಾಗ ಹಿಡಿಯುವ ಜುಮಾರನ್ನು ಅದಕ್ಕೆ ಸಿಕ್ಕಿಸಿ ಗೊತ್ತಿಲ್ಲ. ಆಕ್ಸಿಮೀಟರ್ ಹಾಕಿದರೆ ಅರ್ಧ ಜನರ ರಕ್ತದ ಆಮ್ಲಜನಕ ಎಪ್ಪತ್ತರ ಆಸುಪಾಸು. ಲೀಡ್ ಗೈಡ್ ಆಗಲ್ಲ ಅಂದ. ನಾನೂ ಆಗಲ್ಲ ಅಂದೆ. ಈ ಸಲ ಎರಡನೇ ಸಲ ಕೇಳಲಿಲ್ಲ. ಇನ್ನೊಂದು ದಿನ ನಿಂತು ಫ್ಲೈಟ್ ಬದಲಾಯಿಸೋಣ ಅಂದರೆ ಲೇಹ್‌ನಿಂದ ಆಗಸ್ಟಿನ ಕೊನೇ ಗಳಿಗೆಯ ಟಿಕೆಟ್ಟಿಗೆ ಕೊಡುವ ದುಡ್ಡಲ್ಲಿ ಇನ್ನೊಂದು ಟ್ರೆಕ್ಕೇ ಮಾಡಬಹುದು. ಜೊತೆಗೆ ಸೋಮವಾರ ಎಲ್ಲರಿಗೂ ಆಫೀಸು. ಶಿಖರವನ್ನು ಕೆಳಗಿಂದ ನೋಡಿ, ಫೋಟೋ ತೆಗೆದು, ಪಾಸ್ ದಾಟಿ ಇಳಿದೆವು.

ರೀಫಂಡಿನ ಜಗಳ ಮಳೆಗಾಲ ಮುಗಿಯುವವರೆಗೂ ನಡೆಯಿತು. ‘ನೈಸರ್ಗಿಕ ಕಾರಣ’ ಅಂತ ಷರತ್ತಿನಲ್ಲಿ ಇದೆಯಲ್ಲ, ಒಂದು ರೂಪಾಯಿ ಕೊಡಬೇಕಿಲ್ಲ, ಅಂದರು ಎಂಡಿ. ಬೇಸಿಗೆಯಲ್ಲಿ ದಿನಾ ಸಂಜೆ ಟೈಮಿಗೆ ಸರಿಯಾಗಿ ಬರುವ ಬಸ್ಸಿನ ಹಾಗೆ ಬರುವ ನೀರು ಅದು, ಅದನ್ನು ವಿಕೋಪ ಅಂತ ಹೇಗೆ ಬರೆಯುವುದು? ಕೊನೆಗೆ ಕ್ಲೈಂಬಿಂಗ್ ಭಾಗದ ಹಣ ವಾಪಸ್ ಕೊಟ್ಟೆವು. ನನ್ನ ಇನ್‌ಸೆಂಟಿವ್ ಎಲ್ಲಿಗೆ ಹೋಯಿತು ಅಂತ ಬಿಡಿಸಿ ಹೇಳಬೇಕಿಲ್ಲ ಅಲ್ವಾ.

ಈಗ ಶೀಟಿನಲ್ಲಿ ಎಲ್ಲ ನದಿಯ ಮುಂದೆಯೂ ಗಂಟೆ ಬರೆದಿರುತ್ತೆ. ಸ್ಲೀಪಿಂಗ್ ಬ್ಯಾಗು ಡ್ರಮ್ಮಿಗೆ ಹೋಗಿವೆ, ಕಿಚನ್‌ನವರು ಇನ್ನೂ ಗೊಣಗುತ್ತಾರೆ. ಹಗ್ಗ ಹಿಡಿದವನು ಬೇಡ ಅಂದರೆ ಬೇಡ, ಅದನ್ನು ಮೀರುವ ಅಧಿಕಾರ ಟ್ರಿಪ್ ಲೀಡರಿಗೂ ಇಲ್ಲ ಅಂತ ಬರೆದು ಎಂಡಿ ಕೈಯಲ್ಲಿ ಸಹಿ ಹಾಕಿಸಿದ್ದೇನೆ. ಅಚೋ ನಮ್ಮ ಲೋಡಿಗೆ ಆಮೇಲೆ ಬರಲಿಲ್ಲ. ಕುದುರೆ ಖಾಲಿ ಇಲ್ಲ ಅನ್ನುತ್ತಾನೆ.

ರಿಸರ್ವ್ ಡೇ ಕೂಡ ವಾಪಸ್ ಬಂದಿದೆ, ಆದರೆ ಬ್ರೋಷರಿನಲ್ಲಿ ಅದರ ಹೆಸರು ‘ಲೇಹ್ ಶಾಪಿಂಗ್ ಡೇ’. ಸೇಲ್ಸ್ ಹುಡುಗನ ತಲೆ. ಆ ಹೆಸರಿಟ್ಟ ಮೇಲೆ ಹತ್ತನೇ ದಿನಕ್ಕೆ ಯಾರೂ ಫೋನ್ ಇಡುತ್ತಿಲ್ಲ ಅನ್ನುವುದು ನಿಜ. ಈಗ ಅವರೆಲ್ಲ ಕೇಳುತ್ತಿರುವುದು, ಅವತ್ತು ಪ್ಯಾಂಗಾಂಗ್ ಸರೋವರ ಕೂಡ ಸೇರಿಸಿಕೊಡ್ತೀರಾ ಅಂತ.