ಪಡಸಾಲೆಯ ಸೈಕಲ್ಲಿಗೆ ಬಂದ ಎರಡು ಬೆಲೆ

ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ 2010ರಲ್ಲಿ 13 ಸಾವಿರ ರೂಪಾಯಿ ಕೊಟ್ಟು ತಂದಿದ್ದ ನನ್ನ ಮೌಂಟೇನ್ ಬೈಕಿಗೆ ಈ ಸಲದ ಶ್ರಾವಣದಲ್ಲಿ ಎರಡು ಬೆಲೆಗಳು ಬಂದವು. ಹೊಸದನ್ನು ಕೊಂಡರೆ ಹಳೆಯದರ ಬಾಬತ್ತು ಒಂದೂವರೆ ಸಾವಿರ ಕಡಿಮೆ ಮಾಡಿಕೊಡುತ್ತೇವೆ ಎಂದು ಧಾರವಾಡದ ಒಂದು ಅಂಗಡಿಯವರು ಹೇಳಿದರು. ಮೊಬೈಲಿನಲ್ಲಿ ಹಾಕಿದ್ದ ಜಾಹೀರಾತು ನೋಡಿ ನವನಗರದಿಂದ ಬಂದ ಹುಡುಗನೊಬ್ಬ ಎರಡೂವರೆ ಸಾವಿರದವರೆಗೆ ಏರಿದ. ಮಾರುವ ವಿಚಾರ ಮೊದಲು ನನ್ನ ತಲೆಯಲ್ಲಿ ಹುಟ್ಟಿದ್ದಲ್ಲ. ಗಣೇಶ ಚೌತಿಗೆ ಮುಂಚೆ ಮನೆಗೆ ಸುಣ್ಣ-ಬಣ್ಣ ಮಾಡಿಸಬೇಕೆಂದು ಸಾಮಾನುಗಳನ್ನು ಸರಿಸುತ್ತಿದ್ದಾಗ, ಬಹಳ ದಿನಗಳಿಂದ ಹೊರಗೆ ಹೋಗದೆ ಗೋಡೆಗೆ ಒರಗಿ ನಿಂತಿದ್ದ ಸೈಕಲ್ಲನ್ನು ನೋಡಿ ನನ್ನ ಹೆಂಡತಿ, “ಇಟ್ಕೋತೀರಿ ಅಂದ್ರ ಓಡಸ್ರಿ, ಓಡಸೂದಿಲ್ಲ ಅಂದ್ರ ಕೊಟ್ಟಬಿಡ್ರಿ. ಪಡಸಾಲ್ಯಾಗ ನಿಲ್ಲಸಾಕ ಅದೇನ ದೇವರ ತೇರಲ್ಲ” ಎಂದಳು. ಆ ಮಾತಿಗೆ ನನ್ನಲ್ಲಿ ಎದುರುತ್ತರವಿರಲಿಲ್ಲ.

ಇದು 26 ಇಂಚಿನ ಗಾಲಿಯ, ಅಲ್ಯುಮಿನಿಯಂ ಫ್ರೇಮಿನ, ಮುಂದೆ ಮೂರು ಹಿಂದೆ ಏಳು ಹಲ್ಲುಚಕ್ರಗಳಿರುವ, ರಬ್ಬರಿನ ಶೂಗಳು ರಿಮ್ಮನ್ನು ಎರಡೂ ಬದಿಯಿಂದ ಅಮರಿಕೊಳ್ಳುವ ವಿ-ಬ್ರೇಕಿನ ಸೈಕಲ್ಲು. ಕೊಂಡಾಗ ಇದನ್ನು ಹಳೆಯ ಕಾಲದ್ದು ಎನ್ನುವವರು ಇರಲಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ 1970ರ ದಶಕದ ಕೆಲವು ಉತ್ಸಾಹಿಗಳು ದಪ್ಪ ಟೈರಿನ ಹಳೆಯ ಸೈಕಲ್ಲುಗಳನ್ನು ಬೆಟ್ಟದ ಇಳಿಜಾರಿನಲ್ಲಿ ಓಡಿಸತೊಡಗಿದಾಗ ಅವುಗಳಿಗೆ ಇದ್ದದ್ದು 26 ಇಂಚಿನ ಗಾಲಿ. ಮುಂದೆ ಮೂರು ದಶಕಗಳ ಕಾಲ ಎಲ್ಲ ಮೌಂಟೇನ್ ಬೈಕುಗಳಿಗೂ ಹೆಚ್ಚುಕಡಿಮೆ ಅದೇ ಅಳತೆಯಾಯಿತು. ಕಾಲ ಹೊರಳಿದ್ದು 2012ರ ಆಚೀಚೆ. ಆ ವರ್ಷದ ಲಂಡನ್ ಒಲಿಂಪಿಕ್ಸ್‌ನಲ್ಲಿ ಮಹಿಳೆಯರ ಮೌಂಟೇನ್ ಬೈಕ್ ಸ್ಪರ್ಧೆಯನ್ನು ಫ್ರಾನ್ಸಿನ ಜೂಲಿ ಬ್ರೆಸೆ 26 ಇಂಚಿನ ಗಾಲಿಯಲ್ಲಿ ಗೆದ್ದರೆ, ಮರುದಿನ ಪುರುಷರ ಸ್ಪರ್ಧೆಯನ್ನು ಜೆಕ್ ದೇಶದ ಯಾರೊಸ್ಲಾವ್ ಕುಲ್ಹಾವಿ 29 ಇಂಚಿನ ಗಾಲಿಯಲ್ಲಿ ಗೆದ್ದರು. ಅವರ ಹಿಂದೆಯೇ ಬಂದ ಸ್ವಿಟ್ಜರ್ಲೆಂಡಿನ ನಿನೊ ಶುರ್ಟರ್ ಅವರದು 27.5 ಇಂಚು. ಮೂರೂ ಅಳತೆಗಳು ಒಂದೇ ಹಾದಿಯಲ್ಲಿ ಸರಿಸಮವಾಗಿ ಓಡಿದ ವಾರಾಂತ್ಯ ಅದು. ಅಲ್ಲಿಂದ ಕೆಲವೇ ವರ್ಷಗಳಲ್ಲಿ ದೊಡ್ಡ ಕಂಪನಿಗಳು ದೊಡ್ಡವರ ಒಳ್ಳೆಯ ಮಾದರಿಗಳಲ್ಲಿ 26 ಇಂಚನ್ನು ಬಹುಮಟ್ಟಿಗೆ ಕೈಬಿಟ್ಟವು.

ನವನಗರದ ಹುಡುಗ ಇಂಜಿನಿಯರಿಂಗ್ ಓದುವವನು, ಚಿಗರಿ ಬಸ್ಸಿನಲ್ಲಿ ಬಂದು ಇಳಿದಿದ್ದ; ವ್ಯಾಪಾರ ಕುದುರಿದರೆ ಸೈಕಲ್ ಹೊಡೆದುಕೊಂಡೇ ಮರಳುವ ವಿಚಾರ ಅವನದು. ಒಂದು ಸುತ್ತು ಓಡಿಸಿ ಬಂದು, ಬೆಲೆಯ ಮಾತಿಗೆ ಮುನ್ನ ಕೆಳಗೆ ಕುಳಿತು ಹಿಂದಿನ ಗಾಲಿಯ ನಡುಭಾಗವನ್ನು ನೋಡಿದ. “ಸರ, ಇದಕ್ಕ ಡಿಸ್ಕ್ ಬ್ರೇಕ್ ಕೂಡಸಾಕ ಬರ್ತೈತೇನ್ರಿ?” ಎಂದು ಕೇಳಿದ. ಬರುವುದಿಲ್ಲ, ಬಂದರೂ ಲೆಕ್ಕಕ್ಕೆ ಕೂಡುವುದಿಲ್ಲ. ಡಿಸ್ಕ್ ಬ್ರೇಕೆಂದರೆ ರಿಮ್ಮಿನ ಬದಲು ಗಾಲಿಯ ನಡುವಿನ ತಟ್ಟೆಯೊಂದನ್ನು ಅಮರಿಕೊಳ್ಳುವ ಬ್ರೇಕು. ಅದರ ಹಿಡಿತವನ್ನು ಬಿಗಿಯಲು ಫ್ರೇಮಿನ ಹಿಂಬದಿಯಲ್ಲಿ ಎರಡು ತೂತುಗಳ ಕಿವಿ ಬೆಸೆದಿರಬೇಕು. ತಟ್ಟೆಯನ್ನು ಕೂರಿಸಲು ಗಾಲಿಯ ನಡುಭಾಗವಾದ ಹಬ್ಬಿನಲ್ಲಿಯೂ ಜಾಗವಿರಬೇಕು. ನನ್ನ ಸೈಕಲ್ಲಿನಲ್ಲಿ ಎರಡೂ ಇಲ್ಲ. ಹಬ್ಬು ಬದಲಿಸುವುದೆಂದರೆ ಕಡ್ಡಿಗಳನ್ನೆಲ್ಲ ಬಿಚ್ಚಿ ಗಾಲಿಯನ್ನು ಹೊಸದಾಗಿ ಕಟ್ಟಿಸುವುದು, ಕಿವಿ ಬೆಸೆಸುವುದೆಂದರೆ ಶಾಖಕ್ಕೆ ಹದಗೆಡುವ ಅಲ್ಯುಮಿನಿಯಂ ಮೇಲೆ ಬೆಂಕಿಯಾಡಿಸುವುದು. ಹುಡುಗನಿಗೆ ಇದನ್ನೆಲ್ಲ ವಿವರಿಸಿ ಹೇಳಿದೆ. ಅವನು ಎರಡೂವರೆ ಸಾವಿರದ ಮೇಲೆ ಏರಲಿಲ್ಲ, ಆದರೆ ಸೋಮವಾರದೊಳಗೆ ತಿಳಿಸಿದರೆ ಹಣ ಹಿಡಿದುಕೊಂಡು ಬರುವುದಾಗಿ ಹೇಳಿ ಹೋದ. ಒಳ್ಳೆಯ ಗಿರಾಕಿ; ಸುಮ್ಮನೆ ಹೀಗಳೆದು ಬೆಲೆ ಇಳಿಸುವ ಜಾತಿಯವನಲ್ಲ.

ಹೊಸದು ನಿಜವಾಗಿಯೂ ಮೇಲೋ, ಅಥವಾ ಮಾರುವವರ ಹುನ್ನಾರವೋ ಎಂಬ ಪ್ರಶ್ನೆಗೆ ಉತ್ತರ ನನಗೆ ಮೊದಲೇ ಸಿಕ್ಕಿತ್ತು. ಗದಗಿನಲ್ಲಿರುವ ನನ್ನ ಅಣ್ಣನ ಮಗನ ಬಳಿ 29 ಇಂಚಿನ ಗಾಲಿಯ ಸೈಕಲ್ಲಿದೆ. ಕಪ್ಪತಗುಡ್ಡ 2019ರಲ್ಲಿ ವನ್ಯಜೀವಿಧಾಮವಾದ ಮೇಲೆ ಅವನು ಗುಡ್ಡದೊಳಗೆ ನುಗ್ಗುವುದಿಲ್ಲ. ಅಡಿಯಲ್ಲಿರುವ ಡಂಬಳ, ಡೋಣಿಯ ಕಡೆಯ ಕಚ್ಚಾ ದಾರಿಗಳಲ್ಲಿ ಓಡಿಸುತ್ತಾನೆ. ಕಳೆದ ಬೇಸಿಗೆಯಲ್ಲಿ ಅಲ್ಲಿಯ ಗಟ್ಟಿ ಗರಸಿನ ದಾರಿಯೊಂದರಲ್ಲಿ ಅವನದನ್ನು ನನಗೆ ಕೊಟ್ಟ. ಹಳೆಯ ಗಾಲಿಯ ರಿಮ್ಮಿನಲ್ಲಿ ಟೈರು ಕೂರುವ ಜಾಗದ ವ್ಯಾಸ 559 ಮಿಲಿಮೀಟರ್, ಹೊಸದರಲ್ಲಿ 622. ಈ 63 ಮಿಲಿಮೀಟರ್ ಕಾಗದದ ಮೇಲೆ ಸಣ್ಣದಾಗಿ ಕಂಡರೂ, ಮುಷ್ಟಿಗಾತ್ರದ ಕಲ್ಲು ಎದುರಾದಾಗ ದೊಡ್ಡ ಗಾಲಿ ಅದನ್ನು ಕಡಿಮೆ ಕಡಿದಾದ ಕೋನದಲ್ಲಿ ಮುಟ್ಟಿ ಮೇಲೇರಿ ದಾಟುತ್ತದೆ, ಸಣ್ಣದು ಒಂದು ಗಳಿಗೆ ತಡವರಿಸುತ್ತದೆ. ಗಾಲಿಗಿಂತ ಹೆಚ್ಚಿನ ವ್ಯತ್ಯಾಸ ನನಗೆ ಕಂಡದ್ದು ಸವಾರ ಕುಳಿತುಕೊಳ್ಳುವ ರೀತಿಯಲ್ಲಿ. ನನ್ನ ಸೈಕಲ್ಲಿನ ಹ್ಯಾಂಡಲ್ ಇಕ್ಕಟ್ಟು, ಅದನ್ನು ಹಿಡಿದಿರುವ ಸ್ಟೆಮ್ ಉದ್ದ, ಮುಂದಿನ ಗಾಲಿಯನ್ನು ಹಿಡಿದಿರುವ ಫೋರ್ಕ್ ನೆಟ್ಟಗೆ. ಹೀಗಾಗಿ ಇಳಿಜಾರಿನಲ್ಲಿ ಮೈಭಾರವೆಲ್ಲ ಮುಂದಿನ ಗಾಲಿಯ ಮೇಲೆ ಜಗ್ಗಿ, ಮುಗ್ಗರಿಸುವ ಭಯ ಸದಾ ಇರುತ್ತದೆ. ಅವನದರಲ್ಲಿ ಹ್ಯಾಂಡಲ್ ಅಗಲ, ಸ್ಟೆಮ್ ಗಿಡ್ಡ, ಫೋರ್ಕ್ ಮುಂದಕ್ಕೆ ಚಾಚಿಕೊಂಡಿದೆ. ಗುಡ್ಡ ಇಳಿಯಬೇಕೆನ್ನುವವರು ಹಳೆಯದನ್ನು ಇಟ್ಟುಕೊಳ್ಳಲು ಯಾವ ಕಾರಣವೂ ಇಲ್ಲ ಎಂದು ನಾನು ಯಾವ ಹಿಂಜರಿಕೆಯೂ ಇಲ್ಲದೆ ಹೇಳಬಲ್ಲೆ.

ಆದರೆ ನಾನು ಗುಡ್ಡ ಇಳಿಯುವವನಲ್ಲ. ನನ್ನ ದಾರಿಗಳು ಎರಡೇ: ಭಾನುವಾರ ಬೆಳಿಗ್ಗೆ ಕೆಲಗೇರಿ ಕೆರೆಯ ದಂಡೆ ದಾಟಿ ಪಶ್ಚಿಮಕ್ಕೆ ಮುಗದದ ಕಡೆ, ಮತ್ತು ಬಿತ್ತನೆ-ಸುಗ್ಗಿಯ ದಿನಗಳಲ್ಲಿ ಅಮ್ಮಿನಭಾವಿಯ ಬಳಿ ನಮಗಿರುವ ತುಂಡು ಹೊಲಕ್ಕೆ. ಧಾರವಾಡ ಎರಡು ನೆಲಗಳು ಕೂಡುವ ಊರು. ಪಶ್ಚಿಮಕ್ಕೆ ಹೋದರೆ ಮಸಾರಿ, ಕೆಂಪು ಮಣ್ಣು, ಪೂರ್ವಕ್ಕೆ ಎರೆ, ಕಪ್ಪು ಮಣ್ಣು. ಕೆಂಪು ನೆಲದಲ್ಲಿ ಮಳೆಯ ಮರುದಿನವೇ ಓಡಿಸಬಹುದು, ಆದರೆ ಅದರ ಹರಳು ಬ್ರೇಕಿನ ಶೂಗೂ ರಿಮ್ಮಿಗೂ ನಡುವೆ ಸಿಕ್ಕು ಅಲ್ಯುಮಿನಿಯಮ್ಮನ್ನು ಉಜ್ಜುತ್ತಲೇ ಇರುತ್ತದೆ. ಎರೆಯ ಗುಣವೇ ಬೇರೆ. ಹಸಿಯಾದ ಎರೆಹೊಲದ ದಾರಿಯಲ್ಲಿ ವಿ-ಬ್ರೇಕಿನ ಸೈಕಲ್ಲು ಒಂದು ಫರ್ಲಾಂಗು ಸಹ ಓಡುವುದಿಲ್ಲ. ಮಣ್ಣು ಟೈರಿಗೆ ಸುತ್ತಿಕೊಂಡು, ಬ್ರೇಕಿನ ತೋಳುಗಳ ನಡುವೆ ಗಿಡಿದು, ಗಾಲಿ ತಿರುಗುವುದೇ ನಿಂತುಬಿಡುತ್ತದೆ. ಆಗ ಜಾಲಿಯ ಕಟ್ಟಿಗೆಯಿಂದ ಮಣ್ಣು ಕೆರೆದು, ಹೆಗಲ ಮೇಲೆ ಸೈಕಲ್ಲು ಹೊತ್ತು ಡಾಂಬರಿಗೆ ಬರಬೇಕು. ಡಿಸ್ಕ್ ಬ್ರೇಕಿನದಾದರೆ ಇನ್ನಷ್ಟು ದೂರ ಓಡಬಹುದು. ಆದರೂ ಎರೆ ಒದ್ದೆಯಾಗಿರುವಾಗ ಅಲ್ಲಿ ಎತ್ತಿನ ಬಂಡಿಯನ್ನೇ ಇಳಿಸುವುದಿಲ್ಲ. ಅದಕ್ಕೆಂದು 30 ಸಾವಿರದ ಸೈಕಲ್ಲು ಕೊಳ್ಳಬೇಕೆ ಎಂದು ನನಗೆ ನಾನೇ ಕೇಳಿಕೊಂಡೆ.

ಹೀಗೆ ಪ್ರಶ್ನೆ ಹೊಸದು-ಹಳೆಯದರಿಂದ ಸರಿದು, ಈ ಸೈಕಲ್ಲಿನಲ್ಲಿ ಜೀವ ಎಷ್ಟು ಉಳಿದಿದೆ ಎಂಬಲ್ಲಿಗೆ ಬಂತು. ಶನಿವಾರ ಶಾಲೆ ಮಧ್ಯಾಹ್ನಕ್ಕೆ ಬಿಟ್ಟೊಡನೆ ಅದನ್ನು ತಳ್ಳಿಕೊಂಡು ಸೂಪರ್ ಮಾರ್ಕೆಟ್ಟಿನ ಹತ್ತಿರ ಸೈಕಲ್ ರಿಪೇರಿ ಮಾಡುವ ಸಾಬರ ಬಳಿಗೆ ಹೋದೆ. ಸಾಬರು ಎಪ್ಪತ್ತರ ಸಮೀಪದವರು; ಗೇರಿನ ಸೈಕಲ್ಲೆಂದರೆ ಮೂಗು ಮುರಿಯುವ ಹಳೆಯ ಕೈಗಳ ಪೈಕಿ ಅಲ್ಲ. “ಮಾರಬೇಕಂತ ಮಾಡೀನ್ರಿ ಸಾಬ್ರ, ಒಮ್ಮೆ ನೋಡ್ರಿ” ಎಂದೆ. “ನೋಡಿದ ಮ್ಯಾಲೆ ಮಾರೂದೋ ಬಿಡೂದೋ ಹೇಳ್ತೀನ್ರಿ ಸರ, ಕುಂಡ್ರ್ರಿ” ಎಂದು ಸೈಕಲ್ಲನ್ನು ತಲೆಕೆಳಗು ಮಾಡಿದರು.

ಮೊದಲು ಚೈನಿನ ಮೇಲೆ ಉಕ್ಕಿನ ಅಳತೆಪಟ್ಟಿ ಇಟ್ಟರು. ಸೈಕಲ್ ಚೈನಿನಲ್ಲಿ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಅರ್ಧ ಇಂಚು. ಹೊಸ ಚೈನಿನಲ್ಲಿ 24 ಕೊಂಡಿಗಳು ಸರಿಯಾಗಿ 12 ಇಂಚಿಗೆ ಮುಗಿಯಬೇಕು. ಅದು ಹದಿನಾರನೆಯ ಒಂದು ಇಂಚು ಬೆಳೆದಿದ್ದರೆ ಚೈನು ಬದಲಿಸಬೇಕು, ಎಂಟನೆಯ ಒಂದು ಇಂಚಾಗಿದ್ದರೆ ಅದು ಹಲ್ಲುಗಳನ್ನೂ ತಿಂದಿರುತ್ತದೆ. ನನ್ನದು ಎಂಟನೆಯ ಒಂದನ್ನು ದಾಟಿತ್ತು. ಬಳಿಕ ಅದೇ ಪಟ್ಟಿಯ ಅಂಚನ್ನು ಹಿಂದಿನ ರಿಮ್ಮಿನ ಪಕ್ಕೆಗೆ ಹಚ್ಚಿ ಹಿಡಿದು ನನ್ನನ್ನು ಬಗ್ಗಿ ನೋಡಲು ಹೇಳಿದರು. ಪಟ್ಟಿಗೂ ಲೋಹಕ್ಕೂ ನಡುವೆ ಬೆಳಕಿನ ತೆಳ್ಳನೆಯ ಗೆರೆ ಕಾಣುತ್ತಿತ್ತು: ಕೆಂಪು ಮಣ್ಣಿನ ಹರಳು ಇಷ್ಟು ವರ್ಷ ಉಜ್ಜಿ ಉಜ್ಜಿ ರಿಮ್ಮಿನ ಪಕ್ಕೆ ಒಳಕ್ಕೆ ಬಾಗಿತ್ತು. ಸವೆತ ತಿಳಿಯಲೆಂದು ಕಾರ್ಖಾನೆಯವರು ಕೊರೆದಿದ್ದ ಗೀರು ಪೂರ್ತಿ ಅಳಿಸಿಹೋಗಿತ್ತು. ಇಂಥ ರಿಮ್ಮು ತುಂಬಿದ ಗಾಳಿಯ ಒತ್ತಡಕ್ಕೆ ಒಂದು ದಿನ ಬಾಯಿ ಬಿಡುತ್ತದೆ. ಮುಂದಿನದು ಇನ್ನೂ ಗಟ್ಟಿಯಿತ್ತು.

ಮುಂದಿನ ಸಸ್ಪೆನ್ಶನ್ ಫೋರ್ಕನ್ನು ಸಾಬರು ಎರಡೂ ಕೈಯಿಂದ ಒತ್ತಿದರು. ಅದು ತುಸು ಕೆಳಗಿಳಿದು ಅಲ್ಲೇ ಸಿಕ್ಕಿಕೊಂಡಿತು. ರಬ್ಬರಿನ ಸೀಲುಗಳು ಸೀಳಿ, ಒಳಗೆ ನೀರಿಳಿದು, ಕೊಳವೆಯ ಮೇಲೆ ತುಕ್ಕಿನ ಗುಳಿಗಳೆದ್ದಿದ್ದವು. “ಇದು ಸತ್ತೈತ್ರಿ. ಇದರ ಸಾಮಾನ ಎಲ್ಲೂ ಸಿಗೂದಿಲ್ಲ” ಎಂದರು.

ಆಮೇಲೆ ನಡೆದದ್ದನ್ನು, ವಿಜ್ಞಾನ ಕಲಿಸುವ ಮಾಸ್ತರನಾದ ನಾನು, ನಮ್ಮ ಶಾಲೆಯ ಹುಡುಗರಿಗೆಲ್ಲ ತೋರಿಸಬೇಕಿತ್ತು. ಅಲ್ಯುಮಿನಿಯಂ ಫ್ರೇಮಿನ ದೊಡ್ಡ ಅಪಾಯ ಲೋಹದ ಆಯಾಸ. ಉಕ್ಕಿನ ಹಾಗೆ ಬಾಗಿ ಮುನ್ಸೂಚನೆ ಕೊಡದೆ ಅದು ಬೆಸುಗೆಯ ಬಳಿ ಕೂದಲೆಳೆಯಷ್ಟು ಬಿರಿದು, ಆ ಬಿರುಕು ಬೆಳೆದು, ಒಮ್ಮೆಗೇ ಮುರಿಯಬಹುದು. ಹ್ಯಾಂಡಲ್ಲಿನ ಕೆಳಗೆ, ದಪ್ಪ ಕೊಳವೆ ಬಂದು ಕೂಡುವಲ್ಲಿ, ಬಣ್ಣದ ಮೇಲೆ ಒಂದು ಗೆರೆ ಕಂಡು ನನಗೆ ಎದೆ ಧಸಕ್ಕೆಂದಿತು. ಬಣ್ಣವಷ್ಟೇ ಬಿರಿದಿದೆಯೋ, ಲೋಹವೂ ಬಿರಿದಿದೆಯೋ ಕಣ್ಣಿಗೆ ತಿಳಿಯುವಂತಿರಲಿಲ್ಲ. ಸಾಬರು ಆ ಜಾಗದ ಬಣ್ಣವನ್ನು ಪಾಲಿಶ್ ಕಾಗದದಿಂದ ಉಜ್ಜಿ ತೆಗೆದು, ಚೈನು ತೊಳೆಯುವ ಡಬ್ಬಿಯ ಚಿಮಣಿ ಎಣ್ಣೆಯಲ್ಲಿ ಅರಿವೆ ಅದ್ದಿ ಒರೆಸಿದರು. ಒಂದು ಚಹಾ ಮುಗಿಯುವವರೆಗೆ ಹಾಗೆಯೇ ಬಿಟ್ಟು, ಒಣ ಅರಿವೆಯಿಂದ ಎಣ್ಣೆಯನ್ನೆಲ್ಲ ಒರೆಸಿ ತೆಗೆದು, ನನ್ನ ಅಂಗಿಯ ಕಿಸೆಯಲ್ಲಿದ್ದ ಖಡುವಿನ (ಸೀಮೆಸುಣ್ಣದ) ತುಂಡನ್ನೇ ಇಸಿದುಕೊಂಡು ಅದರ ಪುಡಿಯನ್ನು ಬೆಸುಗೆಯ ಮೇಲೆ ತಿಕ್ಕಿದರು. ಲೋಹ ಬಿರಿದಿದ್ದರೆ, ಬಿರುಕಿನಲ್ಲಿ ಇಳಿದು ಕುಳಿತ ಎಣ್ಣೆ ನಿಧಾನವಾಗಿ ಖಡುವಿನ ಪುಡಿಗೆ ಹೀರಿಕೊಂಡು ಅಲ್ಲಿ ಕಪ್ಪು ಗೆರೆ ಮೂಡಬೇಕು. ನಾವಿಬ್ಬರೂ ನೋಡುತ್ತ ಕುಳಿತೆವು. ಮಧ್ಯದಲ್ಲಿ ಒಬ್ಬ ಹುಡುಗ ಪಂಕ್ಚರ್ ತಿದ್ದಿಸಲು ಬಂದ, ಸಾಬರು ಅವನ ಟೈರಿನಿಂದ ನೆಗ್ಗಿಲಮುಳ್ಳು ಕಿತ್ತು ತುಂಡು ಅಂಟಿಸಿ ಕಳಿಸಿದರು. ಪುಡಿ ಬೆಳ್ಳಗೇ ಇತ್ತು. “ಫ್ರೇಮ್ ಗಟ್ಟಿ ಐತ್ರಿ ಸರ. ಬಣ್ಣ ಒಡದೈತಿ ಅಷ್ಟ” ಎಂದು ಸಾಬರು ಎದ್ದರು. ಈ ಪರೀಕ್ಷೆ ಅತಿ ಸೂಕ್ಷ್ಮ ಬಿರುಕುಗಳನ್ನು ಹಿಡಿಯಲಾರದು ಎಂಬುದು ನನಗೆ ಗೊತ್ತು. ಹೊಲಕ್ಕೆ ಹೋಗಿಬರುವವನಿಗೆ ಅಷ್ಟು ಸಾಕು, ಗುಡ್ಡದಿಂದ ಹಾರುವವನಿಗೆ ಸಾಲದು.

ಕೂಡಿಸಿ ನೋಡಿದಾಗ ಚೈನು, ಹಿಂದಿನ ಹಲ್ಲುಚಕ್ರಗಳ ಫ್ರೀವ್ಹೀಲ್, ಒಂದು ರಿಮ್ಮು, ಬ್ರೇಕ್ ಶೂಗಳು, ಫೋರ್ಕ್, ಮಜೂರಿ ಎಲ್ಲ ಸೇರಿ ನಾಲ್ಕು ಸಾವಿರದ ಆಸುಪಾಸು ಬಂತು. ಎರಡೂವರೆ ಸಾವಿರಕ್ಕೆ ಹೋಗುವ ಸೈಕಲ್ಲಿಗೆ ನಾಲ್ಕು ಸಾವಿರ ಸುರಿಯುವುದು ಹುಚ್ಚೆಂದು ಯಾರಿಗಾದರೂ ಅನಿಸೀತು, ನನಗೂ ಒಂದು ಗಳಿಗೆ ಅನಿಸಿತು. ಆದರೆ ಮಾರುವ ಬೆಲೆಯನ್ನು ಖರ್ಚಿನ ಎದುರಿಗಿಟ್ಟು ತೂಗುವುದು ಮಾರುವವನ ಲೆಕ್ಕ. ಓಡಿಸುವವನ ಲೆಕ್ಕದಲ್ಲಿ ಆ ನಾಲ್ಕು ಸಾವಿರದ ಎದುರಿಗೆ ನಿಲ್ಲಬೇಕಾದದ್ದು, ಅಷ್ಟೇ ಹಣಕ್ಕೆ ಬೇರೆ ಏನು ಸಿಗುತ್ತದೆ ಎಂಬುದು. ಸಿಗುವುದು ಭಾರವಾದ ಕಬ್ಬಿಣದ ಫ್ರೇಮಿನ, ಗೇರಿಲ್ಲದ ಸೈಕಲ್ಲು. ಅಮ್ಮಿನಭಾವಿಯಿಂದ ಮರಳುವಾಗಿನ ಏರುಗಳಲ್ಲಿ ಅದನ್ನು ತುಳಿಯುವ ವಯಸ್ಸು ನನ್ನದಲ್ಲ.

ಇನ್ನೊಂದು ಸಂಗತಿಯೂ ತೂಕಕ್ಕೆ ಬಂತು. ಮೇಲ್ದರ್ಜೆಯ ಮಾರುಕಟ್ಟೆಯಲ್ಲಿ ಸತ್ತ 26 ಇಂಚು ನಮ್ಮ ಪೇಟೆಯಲ್ಲಿ ಸತ್ತಿಲ್ಲ. ಹೈಸ್ಕೂಲು ಹುಡುಗರ ಸಾದಾ ಸೈಕಲ್ಲುಗಳಲ್ಲಿ ಬಹಳಷ್ಟಕ್ಕೆ ಇಂದಿಗೂ ಇದೇ ಗಾಲಿ. 26 × 1.95ರ ಟೈರು ಧಾರವಾಡದ ಯಾವ ಸೈಕಲ್ ಅಂಗಡಿಯಲ್ಲಿ ಕೇಳಿದರೂ ಸಿಗುತ್ತದೆ. ಕೊಳ್ಳುವವರು ಒಂದನ್ನು ಮಾತ್ರ ನೋಡಿಕೊಳ್ಳಬೇಕು: ಹೆಣ್ಣುಮಕ್ಕಳ ಹಳೆಯ ಮಾದರಿಯ ಸೈಕಲ್ಲಿನ 26 × 1⅜ ಟೈರು ಹೆಸರಿಗೆ 26 ಆದರೂ ಅದರ ರಿಮ್ಮು 590 ಮಿಲಿಮೀಟರಿನದು, ಇದಕ್ಕೆ ಕೂರುವುದಿಲ್ಲ. ಇನ್ನು ಈ ಸೈಕಲ್ಲಿನ ಹಬ್ಬುಗಳಲ್ಲಿರುವುದು ಬಿಚ್ಚಿ ಗ್ರೀಸು ತುಂಬಿ ಮತ್ತೆ ಬಿಗಿಯಬಹುದಾದ ಬಿಡಿ ಗುಂಡುಗಳು; ಸಾಬರ ಪೆಟ್ಟಿಗೆಯಲ್ಲಿ ಅವು ಡಬ್ಬಿಗಟ್ಟಲೆ ಇವೆ. ಅಣ್ಣನ ಮಗನ ಸೈಕಲ್ಲಿಗೆ ಹೋದ ವರ್ಷ ಒಂದು ಬಿಡಿಭಾಗ ಬೇಕಾದಾಗ ಬೆಂಗಳೂರಿನಿಂದ ತರಿಸಬೇಕಾಯಿತು.

ಫೋರ್ಕಿನ ಬದಲಿಗೆ ಸಸ್ಪೆನ್ಶನ್ ಇಲ್ಲದ ಗಟ್ಟಿ ಉಕ್ಕಿನದನ್ನೇ ಹಾಕುವುದೆಂದು ತೀರ್ಮಾನಿಸಿದೆವು. ಅಗ್ಗದ ಸ್ಪ್ರಿಂಗಿನ ಫೋರ್ಕು ತೂಕ ಹೆಚ್ಚಿಸುತ್ತದೆಯೇ ಹೊರತು ಮುಗದದ ದಾರಿಗೆ ಅದರಿಂದ ಉಪಕಾರವಿಲ್ಲ. ದಪ್ಪ ಟೈರಿಗೆ ಗಾಳಿ ತುಸು ಕಡಿಮೆ ತುಂಬಿದರೆ ಆ ಕೆಲಸ ಅದೇ ಮಾಡುತ್ತದೆ. ಆದರೆ ಗಟ್ಟಿ ಫೋರ್ಕು ಗಿಡ್ಡವಾಗಿದ್ದರೆ ಸೈಕಲ್ಲಿನ ಮೂಗು ಕೆಳಗಿಳಿದು ಹ್ಯಾಂಡಲ್ ಚಂಚಲವಾಗುತ್ತದೆ. ಅದಕ್ಕೆ ಹಳೆಯದನ್ನು ಬಿಚ್ಚಿ ಇರುಸಿನಿಂದ ಮೇಲಿನ ಭುಜದವರೆಗೆ ಅಳೆದು, ಅಷ್ಟೇ ಉದ್ದದ್ದು ಹುಬ್ಬಳ್ಳಿಯಿಂದ ತರಿಸಲು ಸಾಬರಿಗೆ ಚೀಟಿ ಬರೆದುಕೊಟ್ಟೆ. ಮನೆಗೆ ಬಂದು ಹೇಳಿದಾಗ ನನ್ನ ಹೆಂಡತಿ ಹಾಕಿದ ಷರತ್ತು ಒಂದೇ: ಇನ್ನು ಮೇಲೆ ಅದರ ಜಾಗ ಹಿತ್ತಿಲ ತಗಡಿನ ಕೆಳಗೆ.

ಸೋಮವಾರ ನವನಗರದ ಹುಡುಗನಿಗೆ ಫೋನು ಮಾಡಿ, ಮಾರುವುದಿಲ್ಲವೆಂದು ತಿಳಿಸಿದೆ. “ಇರ್ಲಿ ಬಿಡ್ರಿ ಸರ. ಹಂಗಾರ ನಾ ಯಾವದ ತಗೋಬೇಕ್ರಿ?” ಎಂದು ಕೇಳಿದ. ಅವನಿಗೆ ನೃಪತುಂಗ ಬೆಟ್ಟ ಹತ್ತಿ ಇಳಿಯುವ ಆಸೆಯಿತ್ತು. ಇನ್ನೂ ಐದಾರು ಸಾವಿರ ಕೂಡಿಸುವವರೆಗೆ ತಡೆದು, ಡಿಸ್ಕ್ ಬ್ರೇಕಿನ, 29 ಅಥವಾ 27.5 ಇಂಚಿನ ಬಳಸಿದ ಸೈಕಲ್ಲನ್ನೇ ನೋಡು ಎಂದೆ. ಫ್ರೇಮು ಅಲ್ಯುಮಿನಿಯಮ್ಮಿನದಾದರೆ ಹಣ ಕೊಡುವ ಮೊದಲು ಹ್ಯಾಂಡಲ್ಲಿನ ಕೆಳಗಿನ ಬೆಸುಗೆ ನೋಡಬೇಕೆಂದೂ, ಚಿಮಣಿ ಎಣ್ಣೆ ಸಿಗದಿದ್ದರೆ ಡೀಸೆಲ್ಲಾದರೂ ನಡೆಯುತ್ತದೆಂದೂ ಹೇಳಿದೆ. ಖಡು ತನ್ನ ತಂಗಿಯ ಹತ್ತಿರ ಇದೆ ಎಂದ.