ಡಿಫರೆನ್ಷಿಯಲ್ ಇಳಿಸುವ ದಿನ

ಮನೆಯಲ್ಲೇ ಕಟ್ಟಿದ ಸ್ಪೋರ್ಟ್ಸ್ ಕಾರಿನ ಹಿಂಭಾಗಕ್ಕೆ ಕೈ ಹಾಕುವ ದಿನ ಬೆಳಿಗ್ಗೆ ಸ್ಪ್ಯಾನರ್ ಮುಟ್ಟುವ ಮೊದಲು ಬೇಕಾಗುವುದು ಸೀಮೆಸುಣ್ಣ. ಒಳಗಿರುವ ಡಿಫರೆನ್ಷಿಯಲ್ (ಎಂಜಿನ್ನಿನ ಬಲವನ್ನು ಹಿಂದಿನ ಎರಡು ಚಕ್ರಗಳಿಗೆ ಹಂಚಿ, ತಿರುವಿನಲ್ಲಿ ಅವು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳ ಗುಂಪು) ಯಾವುದು ಎಂದು ಮಾರಿದವರ ಮಾತು ಒಂದು ಹೇಳುತ್ತದೆ, ಕವಚಕ್ಕೆ ಅಂಟಿಸಿದ ಚೀಟಿ ಇನ್ನೊಂದು ಹೇಳುತ್ತದೆ. ಹಲ್ಲುಗಳ ಲೆಕ್ಕ ಮಾತ್ರ ಸುಳ್ಳಾಡುವುದಿಲ್ಲ.

ಮಾಜ್ದಾ ಎಂಎಕ್ಸ್-5 ಕಾರಿನ ಭಾಗಗಳಿಂದ ಕಟ್ಟಿದ ಹಗುರ ಕಾರನ್ನೇ ಎದುರಿಗಿಟ್ಟುಕೊಳ್ಳೋಣ. ಒಂದು ಹಿಂದಿನ ಚಕ್ರ ನೆಲದ ಮೇಲಿರಲಿ, ಅದಕ್ಕೆ ಎರಡೂ ಕಡೆ ದಿಮ್ಮಿ ಕೊಡಿ. ಇನ್ನೊಂದನ್ನು ಜಾಕ್‌ನಿಂದ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ. ಗೇರ್ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಬಿಟ್ಟಿರಲಿ. ಗೇರ್‌ಬಾಕ್ಸಿನಿಂದ ಡಿಫರೆನ್ಷಿಯಲ್‌ಗೆ ಬರುವ ಪ್ರೊಪೆಲ್ಲರ್ ಶಾಫ್ಟ್‌ಗೂ ಟೈರಿಗೂ ಒಂದೊಂದು ಗೀಟು ಎಳೆದು, ಎತ್ತಿದ ಚಕ್ರವನ್ನು ಸರಿಯಾಗಿ 20 ಸುತ್ತು ತಿರುಗಿಸಿ. ಒಂದು ಚಕ್ರ ನಿಂತಿರುವುದರಿಂದ ಒಳಗಿನ ಕ್ರೌನ್ ವೀಲ್ (ಶಾಫ್ಟ್ ಕಡೆಯ ಚಿಕ್ಕ ಗೇರಾದ ಪಿನಿಯನ್ ತಿರುಗಿಸುವ ದೊಡ್ಡ ಹಲ್ಲುಗಾಲಿ) ತಿರುಗುವುದು ಅರ್ಧ, ಅಂದರೆ 10 ಸುತ್ತು. ಅಷ್ಟರಲ್ಲಿ ಶಾಫ್ಟ್ 41 ಸುತ್ತು ಬಂದರೆ ಅನುಪಾತ 4.1, 43 ಬಂದರೆ 4.3, 39ಕ್ಕೆ ಕೂದಲೆಳೆಯಷ್ಟು ಹೆಚ್ಚು ಬಂದರೆ 3.909, 36 ದಾಟಿ ಇನ್ನೊಂದು ಮೂರನೇ ಒಂದರಷ್ಟು ಬಂದರೆ 3.636. ಎರಡೇ ಸುತ್ತು ತಿರುಗಿಸಿ ತೀರ್ಮಾನಕ್ಕೆ ಬರುವವರು 3.909 ಮತ್ತು 4.1ರ ನಡುವೆ ಎಡವುತ್ತಾರೆ. ಚಕ್ರ ಬಿಗಿಯಾಗಿದ್ದು ತಿರುಗಲು ಒಪ್ಪದಿದ್ದರೆ ಒಳಗೆ ಕ್ಲಚ್ ತಟ್ಟೆಗಳ ಲಿಮಿಟೆಡ್ ಸ್ಲಿಪ್, ಅಂದರೆ ಒಂದೇ ಚಕ್ರ ಜಾರಿ ಸುತ್ತದಂತೆ ತಡೆಯುವ ಬಗೆ, ಇರಬಹುದು. ಆಗ ಎರಡೂ ಚಕ್ರ ಎತ್ತಿ, ಒಟ್ಟಿಗೆ 10 ಸುತ್ತು ತಿರುಗಿಸಿದರೆ ಅದೇ ಲೆಕ್ಕ ಸಿಗುತ್ತದೆ.

ಈಗ ಬಗೆಯನ್ನು ಗುರುತಿಸಬೇಕು. ಎರಡೂ ಚಕ್ರ ಗಾಳಿಯಲ್ಲಿರುವಾಗ ಒಂದನ್ನು ಕೈಯಿಂದ ತಿರುಗಿಸಿ. ಇನ್ನೊಂದು ಸಲೀಸಾಗಿ ಎದುರು ದಿಕ್ಕಿಗೆ ತಿರುಗಿದರೆ ಸಾದಾ ಡಿಫರೆನ್ಷಿಯಲ್ ಎನ್ನುವುದು ರೂಢಿ. ಈ ರೂಢಿಯೇ ಜನರನ್ನು ದಾರಿ ತಪ್ಪಿಸುವುದು. ಟಾರ್ಸೆನ್‌ನಂಥ ಗೇರ್ ಬಗೆಯ ಲಿಮಿಟೆಡ್ ಸ್ಲಿಪ್‌ಗಳು ಹೊರೆ ಇಲ್ಲದಾಗ ಸಾದಾ ಡಿಫರೆನ್ಷಿಯಲ್‌ನಂತೆಯೇ ನಡೆದುಕೊಳ್ಳಬಹುದು. ಒಳ್ಳೆಯದನ್ನು ಸಾದಾ ಎಂದು ಭಾವಿಸಿ ಮಾರಿಬಿಟ್ಟವರಿದ್ದಾರೆ. ವಿಸ್ಕಸ್ ಬಗೆಯದಾದರೆ (ಒಳಗಿನ ದಪ್ಪ ದ್ರವವೇ ತಡೆ ಕೊಡುವಂಥದ್ದು) ನಿಧಾನಕ್ಕೆ ಒತ್ತಿದಾಗ ತಿರುಗುತ್ತದೆ, ಜೋರಾಗಿ ಎಳೆದಾಗ ತಡೆಯುತ್ತದೆ. ಹಳೆಯದಾದಂತೆ ಆ ತಡೆಯೂ ಸಡಿಲವಾಗುತ್ತದೆ. ಅನುಮಾನ ಉಳಿದರೆ ಆಕ್ಸಲ್ ತೆಗೆದು ರಂಧ್ರದೊಳಗೆ ಟಾರ್ಚ್ ಬಿಡಿ. ಸಾದಾ ಡಿಫರೆನ್ಷಿಯಲ್‌ನ ನಡುವೆ ಅಡ್ಡಲಾಗಿ ಹಾದುಹೋದ ಪಿನ್ ಕಾಣುತ್ತದೆ.

ಗಾತ್ರದ ಪ್ರಶ್ನೆ ಬೇರೆ. 1989ರಲ್ಲಿ ಬಂದ 1.6 ಲೀಟರ್ ಎಂಎಕ್ಸ್-5ಗೆ 6 ಇಂಚಿನ ಕ್ರೌನ್ ವೀಲ್. 1994ರ ಮಾದರಿಯ 1.8ರಿಂದ 7 ಇಂಚು. ಕೆಲವು ಮಾರುಕಟ್ಟೆಗಳಲ್ಲಿ ಆಮೇಲಿನ 1.6ಗಳಿಗೂ ಚಿಕ್ಕದೇ ಬಂದಿರುವುದರಿಂದ ವರ್ಷವೊಂದನ್ನೇ ನಂಬಬಾರದು. ಹರಿದು ಬಂದ ಎಣ್ಣೆಯನ್ನು ಅಳೆಯುವುದು ಒಳ್ಳೆಯ ಉಪಾಯ: ಚಿಕ್ಕದು ಸುಮಾರು 0.65 ಲೀಟರ್ ಹಿಡಿಯುತ್ತದೆ, ದೊಡ್ಡದು 1 ಲೀಟರ್. ಮಟ್ಟ ಸರಿಯಾಗಿತ್ತು ಎನ್ನುವುದಾದರೆ ಮಾತ್ರ ಈ ಅಳತೆಗೆ ಅರ್ಥ.

ಎಣ್ಣೆ ಹರಿಸುವಾಗ ಮೊದಲು ಬಿಚ್ಚಬೇಕಾದ್ದು ಮೇಲಿನ, ತುಂಬಿಸುವ ಬೋಲ್ಟ್. ಕೆಳಗಿನದನ್ನು ಬಿಚ್ಚಿ ಎಣ್ಣೆಯೆಲ್ಲ ಹರಿದ ಮೇಲೆ ಮೇಲಿನದು ತುಕ್ಕು ಹಿಡಿದು ಕದಲದೆ ನಿಂತರೆ ಕಾರು ಅಲ್ಲೇ ಕೂತಿತು. ಅಯಸ್ಕಾಂತವಿರುವ ಬೋಲ್ಟ್‌ಗೆ ಬೂದು ಬಣ್ಣದ ನುಣ್ಣನೆಯ ಕೆಸರು ಅಂಟಿದ್ದರೆ ಚಿಂತೆಯಿಲ್ಲ. ಉಗುರಿಗೆ ಸಿಗುವ ಚಕ್ಕೆ ಇದ್ದರೆ ಆ ಡಿಫರೆನ್ಷಿಯಲ್ ಬಿಚ್ಚಲೇಬೇಕು.

ದೊಡ್ಡದನ್ನು ಹಾಕಲೇಬೇಕೆ? 600 ಕೆ.ಜಿ. ಕಾರು, ಜೋರಾಗಿ ಹೊರಡುವಾಗ ಹಿಂದಿನ ಚಕ್ರಗಳ ಮೇಲೆ 360 ಕೆ.ಜಿ., ಟೈರಿನ ಹಿಡಿತ 1.0, ಚಕ್ರದ ತ್ರಿಜ್ಯ 0.288 ಮೀಟರ್ ಎಂದುಕೊಳ್ಳಿ. ಟೈರು ಜಾರುವ ಮೊದಲು ಆಕ್ಸಲ್‌ಗಳೆರಡೂ ಸೇರಿ ಹೊರುವುದು ಸುಮಾರು 1,017 ನ್ಯೂಟನ್ ಮೀಟರ್, 4.1ರಿಂದ ಭಾಗಿಸಿದರೆ ಪಿನಿಯನ್ ಮೇಲೆ 248. ಸುಮಾರು 136 ನ್ಯೂಟನ್ ಮೀಟರ್ ಕೊಡುವ ಎಂಜಿನ್, ಮೊದಲ ಗೇರಿನ 3.136ರ ಮೂಲಕ 426ರವರೆಗೆ ಕಳಿಸಬಲ್ಲದು. ಎಂದರೆ ಲೋಹಕ್ಕಿಂತ ಮೊದಲು ಟೈರು ಸೋಲುತ್ತದೆ. ಹಗುರ ಕಾರಿನಲ್ಲಿ ಹಲ್ಲು ಮುರಿಯುವುದು ಶಕ್ತಿಯಿಂದಲ್ಲ, ಏಟಿನಿಂದ: ಕ್ಲಚ್ ಮೇಲಿನ ಕಾಲನ್ನು ಥಟ್ಟನೆ ತೆಗೆದಾಗ, ಚಕ್ರ ಕುಪ್ಪಳಿಸಿದಾಗ, ಗಾಳಿಯಲ್ಲಿ ತಿರುಗುತ್ತಿದ್ದ ಚಕ್ರ ನೆಲಕ್ಕೆ ಬಡಿದಾಗ. ಎಂಜಿನ್ ಮೂಲದ್ದೇ ಆಗಿದ್ದು ಟೈರು ಸಾಧಾರಣವಾಗಿದ್ದರೆ ಆರೋಗ್ಯವಾಗಿರುವ 6 ಇಂಚಿನದನ್ನು ಬರೀ ಹೆದರಿ ಎಸೆಯಬೇಕಿಲ್ಲ. ಟರ್ಬೊ, ಅಂಟುವ ಟ್ರ್ಯಾಕ್ ಟೈರು ಬಂದರೆ ಮಾತು ಬೇರೆ. ಆಗ 7 ಇಂಚಿನದರ ಜೊತೆ ಅದರದೇ ಆಕ್ಸಲ್ ಜೋಡಿ ಮತ್ತು ಪ್ರೊಪೆಲ್ಲರ್ ಶಾಫ್ಟ್ ಕೂಡ ಬೇಕು. ಬರೀ ಡಿಫರೆನ್ಷಿಯಲ್ಲನ್ನು ಅಗ್ಗಕ್ಕೆ ಕೊಂಡವರು ಆಮೇಲೆ ಉಳಿದವನ್ನು ಹುಡುಕಿಕೊಂಡು ಅಲೆಯುತ್ತಾರೆ.

ಅನುಪಾತದ ಬದಲಾವಣೆಯೇ ಹೆಚ್ಚು ಕಣ್ಣಿಗೆ ಬೀಳುವುದು. 195/50 ಆರ್15 ಟೈರಿನ ಸುತ್ತಳತೆ ಸುಮಾರು 1.81 ಮೀಟರ್. ಐದನೇ ಗೇರು 0.814 ಇದ್ದು, ಗಂಟೆಗೆ 100 ಕಿ.ಮೀ. ವೇಗದಲ್ಲಿ 4.1ಕ್ಕೆ ಎಂಜಿನ್ ನಿಮಿಷಕ್ಕೆ ಸುಮಾರು 3,070 ಸುತ್ತು, 3.636ಕ್ಕೆ ಸುಮಾರು 2,730. ಮೊದಲ ಗೇರಿನಲ್ಲಿ 7,200 ಸುತ್ತಿಗೆ ತಲುಪುವ ವೇಗ 61ರಿಂದ 69 ಕಿ.ಮೀ.ಗೆ ಏರುತ್ತದೆ. ಭಾರದ ಕಾರಿಗೆ ಹೊಂದಿಸಿದ 4.3 ಹಗುರ ಕಾರಿನಲ್ಲಿ ಹೊರಟ ಕ್ಷಣಕ್ಕೇ ಗೇರು ಬದಲಿಸುವ ಕೆಲಸ ಹಚ್ಚುತ್ತದೆ, ಹೀಗಾಗಿ 3.636 ಇಲ್ಲಿ ಹಿತ. ಮರೆಯಬಾರದ್ದು: ವೇಗಮಾಪಕದ ಕೇಬಲ್ ಗೇರ್‌ಬಾಕ್ಸಿನಿಂದ ಬರುವುದಾದರೆ 4.1 ತೆಗೆದು 3.636 ಹಾಕಿದ ಮೇಲೆ ಮುಳ್ಳು 80 ತೋರಿಸುವಾಗ ಕಾರು 90ರಲ್ಲಿರುತ್ತದೆ.

ಲಿಮಿಟೆಡ್ ಸ್ಲಿಪ್ ಆಯ್ಕೆಯಲ್ಲಿ ಟಾರ್ಸೆನ್ ರಸ್ತೆಗೆ ಚೆನ್ನ: ಸದ್ದಿಲ್ಲ, ಸವೆತ ಕಡಿಮೆ, ಎಣ್ಣೆಗೆ ಬೇರೇನೂ ಬೆರೆಸಬೇಕಿಲ್ಲ. ಆದರೆ ಅದು ಹಿಡಿತ ಕಮ್ಮಿಯಿರುವ ಚಕ್ರದ ತಡೆಯನ್ನೇ ಕೆಲವು ಪಟ್ಟು ಮಾಡಿ ಇನ್ನೊಂದಕ್ಕೆ ಕೊಡುವಂಥದ್ದು. ಸೊನ್ನೆಯನ್ನು ಎಷ್ಟರಿಂದ ಗುಣಿಸಿದರೂ ಸೊನ್ನೆಯೇ. ಗಡುಸು ಸಸ್ಪೆನ್ಷನ್ ಇರುವ ಕಾರು ತಿರುವಿನಲ್ಲಿ ಒಳಚಕ್ರ ಎತ್ತುತ್ತಿದ್ದರೆ ಕ್ಲಚ್ ತಟ್ಟೆಗಳ ಬಗೆಯೇ ಸರಿ, ಅದಕ್ಕೆ ತಕ್ಕ ಫ್ರಿಕ್ಷನ್ ಮಾಡಿಫೈಯರ್ (ತಟ್ಟೆಗಳ ಉಜ್ಜಾಟವನ್ನು ಹದಗೊಳಿಸುವ ಬೆರಕೆ) ಇರುವ ಎಣ್ಣೆಯೊಂದಿಗೆ.

ಬಿಡಿ ಸೆಂಟರ್ (ಕವಚದೊಳಗಿನ ಗೇರುಗಳ ಜೋಡಣೆ) ತಂದು ಹಳೆಯ ಕವಚಕ್ಕೆ ಸೇರಿಸುವುದಕ್ಕಿಂತ ಇಡೀ ಡಿಫರೆನ್ಷಿಯಲ್ ಬದಲಿಸುವುದು ಒಂದು ದಿನದಲ್ಲಿ ಮುಗಿಯುವ ಕೆಲಸ. ಸೆಂಟರ್ ಬದಲಿಸಿದರೆ ಶಿಮ್ (ಸಂದು ಹೊಂದಿಸುವ ತೆಳು ಬಿಲ್ಲೆ), ಬೇರಿಂಗ್, ಡಯಲ್ ಗೇಜ್ (ಸೂಕ್ಷ್ಮ ಅಳತೆಯ ಮುಳ್ಳಿನ ಮಾಪಕ) ಎಲ್ಲ ಬೇಕು. ಕ್ರೌನ್ ವೀಲ್ ಮತ್ತು ಪಿನಿಯನ್ ಒಟ್ಟಿಗೆ ಉಜ್ಜಿ ಜೋಡಿ ಮಾಡಿದವು, ಒಂದರದನ್ನು ಇನ್ನೊಂದಕ್ಕೆ ಹಾಕಿದರೆ ಗೊರಗೊರ ಶುರು. ಹಲ್ಲುಗಳ ನಡುವಿನ ಆಟ 0.1 ಮಿ.ಮೀ. ಆಸುಪಾಸಿನಲ್ಲಿರುತ್ತದೆ, ಕೈಪಿಡಿಯ ಮಿತಿಯೇ ಅಂತಿಮ. ಸುತ್ತಲೂ ನಾಲ್ಕು ಕಡೆ ಅಳೆಯಿರಿ. ಪಿನಿಯನ್ನಿನ ಬೇರಿಂಗುಗಳ ನಡುವಿನ ಕುಗ್ಗುವ ಕೊಳವೆ ಒಂದೇ ಬಾರಿಗೆ. ನಟ್ ಅತಿಯಾಗಿ ಬಿಗಿದರೆ ಸಡಿಲಿಸಿ ಸರಿಪಡಿಸಲಾಗದು, ಹೊಸ ಕೊಳವೆ ಹಾಕಿ ಮೊದಲಿನಿಂದ ಶುರುಮಾಡಬೇಕು.

ಮನೆಯಲ್ಲಿ ಕಟ್ಟಿದ ಚಾಸಿಗಳು ಸೋಲುವುದು ಡಿಫರೆನ್ಷಿಯಲ್‌ನ ಮೂತಿಯಲ್ಲಿ, ಅಂದರೆ ಪಿನಿಯನ್ ಇರುವ ಮುಂದಿನ ತುದಿಯಲ್ಲಿ. ಮೂಲ ಎಂಎಕ್ಸ್-5ನಲ್ಲಿ ಗೇರ್‌ಬಾಕ್ಸಿನಿಂದ ಡಿಫರೆನ್ಷಿಯಲ್‌ವರೆಗೆ ಚಾಚಿದ ಉದ್ದನೆಯ ಅಲ್ಯೂಮಿನಿಯಂ ಚೌಕಟ್ಟು ಅದರ ಮೂತಿಯನ್ನು ಹಿಡಿದಿರುತ್ತದೆ. ಅದನ್ನು ತೆಗೆದುಹಾಕಿದ ಕಾರಿನಲ್ಲಿ ಮೂತಿಗೆ ಬೇರೆ ಆಸರೆ ಬೇಕು. ಮುಂದಕ್ಕೆ ಹೊರಡುವಾಗ ಮೂತಿ ಮೇಲೇಳುತ್ತದೆ. ಮೇಲಿನ 1,017 ನ್ಯೂಟನ್ ಮೀಟರನ್ನು 0.3 ಮೀಟರ್ ದೂರದ ಬ್ರಾಕೆಟ್ ಹಿಡಿಯಬೇಕಾದರೆ ಅದು ಸುಮಾರು 345 ಕೆ.ಜಿ. ತೂಕದ ಎಳೆತ, ಏಟು ಬಿದ್ದಾಗ ಇನ್ನೂ ಹೆಚ್ಚು. ತೆಳು ತಗಡಿನ ಬ್ರಾಕೆಟ್ ವೆಲ್ಡ್ ಪಕ್ಕದಲ್ಲೇ ಬಿರುಕು ಬಿಡುತ್ತದೆ. ತ್ರಿಕೋನದ ಆಸರೆ ಕೊಟ್ಟು, ಬೋಲ್ಟ್ ಎರಡೂ ಬದಿಯಿಂದ ಹಿಡಿತದಲ್ಲಿರುವಂತೆ ಮಾಡಿ. ಕೂರಿಸಿದ ಮೇಲೆ ಸಸ್ಪೆನ್ಷನ್ ಪೂರ್ತಿ ಇಳಿಸಿ, ಪೂರ್ತಿ ಏರಿಸಿ, ಆಕ್ಸಲ್ ಕೀಲು ಕಚ್ಚಿಕೊಳ್ಳದೆ ತಿರುಗುತ್ತದೆಯೇ ನೋಡಿ. ಗೇರ್‌ಬಾಕ್ಸಿನ ಶಾಫ್ಟೂ ಪಿನಿಯನ್ನೂ ಸಮಾನಾಂತರವಾಗಿರಬೇಕು. ಎರಡು ಯೂನಿವರ್ಸಲ್ ಕೀಲುಗಳ ಕೋನದಲ್ಲಿ ವ್ಯತ್ಯಾಸ ಬಂದರೆ ವೇಗ ಏರಿದಂತೆ ನಡುಕ ಶುರುವಾಗುತ್ತದೆ.

ತುಂಬಿಸುವುದು ಜಿಎಲ್-5 ದರ್ಜೆಯ 75ಡಬ್ಲ್ಯು-90 ಗೇರ್ ಎಣ್ಣೆ, ರಂಧ್ರದಿಂದ ಹೊರಚೆಲ್ಲುವವರೆಗೆ, ಕಾರು ಸಮತಟ್ಟಾಗಿ ನಿಂತಿರುವಾಗ. ಹೊಸ ಹಲ್ಲುಗಳಾದರೆ 20 ನಿಮಿಷ ಮೆಲ್ಲಗೆ ಓಡಿಸಿ ಪೂರ್ತಿ ಆರಲು ಬಿಡಿ, ಹೀಗೆ ಎರಡು ಮೂರು ಸಲ, 800 ಕಿ.ಮೀ.ಗೆ ಎಣ್ಣೆ ಬದಲಿಸಿ. ಮೊದಲ ಓಟದ ನಂತರ ಸೀಲ್ ಸುತ್ತ ಎಣ್ಣೆ ಕಂಡರೆ ಸೀಲ್ ಕೀಳುವ ಮೊದಲು ಮೇಲಿನ ಉಸಿರು ಕೊಳವೆ ನೋಡಿ. ಬಣ್ಣ ಬಳಿಯುವಾಗ ಅದು ಮುಚ್ಚಿಹೋಗಿದ್ದರೆ ಬಿಸಿಯಾದ ಗಾಳಿ ಎಣ್ಣೆಯನ್ನು ಸೀಲಿನಿಂದಲೇ ಹೊರಗೆ ತಳ್ಳುತ್ತಿರುತ್ತದೆ.